ಮೊದಲು ಕೋಳಿಗಳು ಸತ್ತವು: ಜಪಾನಿನ ಯುಶೋ ಪ್ರಕರಣ

1968ರ ಫೆಬ್ರವರಿ. ಪಶ್ಚಿಮ ಜಪಾನಿನ ಕೋಳಿ ಫಾರಂಗಳಲ್ಲಿ ಕೋಳಿಗಳು ಇದ್ದಕ್ಕಿದ್ದಂತೆ ಮಂಕಾಗತೊಡಗಿದವು. ತಿನ್ನುವುದನ್ನು ಬಿಟ್ಟವು. ಮೊಟ್ಟೆ ಇಡುವುದು ಕಡಿಮೆಯಾಯಿತು. ಕೊಕ್ಕು ತೆರೆದು ಏದುಸಿರು ಬಿಡುತ್ತಾ ಕೂತಲ್ಲೇ ಸಾಯುತ್ತಿದ್ದವು. ಸತ್ತ ಕೋಳಿಯನ್ನು ಕೊಯ್ದು ನೋಡಿದರೆ ಹೃದಯದ ಸುತ್ತಲಿನ ಚೀಲದಲ್ಲಿ ನೀರು ತುಂಬಿರುತ್ತಿತ್ತು. ಒಂದೆರಡು ತಿಂಗಳಲ್ಲಿ ಸುಮಾರು 20 ಲಕ್ಷ ಕೋಳಿಗಳು ಕಾಯಿಲೆ ಬಿದ್ದವು. ಅದರಲ್ಲಿ 4 ಲಕ್ಷದಷ್ಟು ಸತ್ತವು.

ಎಲ್ಲಿಂದ ಬಂತು ಅಂತ ಪತ್ತೆ ಹಚ್ಚಲು ಹೆಚ್ಚು ದಿನ ಬೇಕಾಗಲಿಲ್ಲ. ಕಾಯಿಲೆ ಬಿದ್ದ ಕೋಳಿಗಳು ತಿಂದಿದ್ದ ಆಹಾರದಲ್ಲಿ ಒಂದೇ ಕಾರ್ಖಾನೆಯ 'ಡಾರ್ಕ್ ಆಯಿಲ್' ಬೆರೆತಿತ್ತು. ಅಕ್ಕಿ ತೌಡಿನಿಂದ ಅಡುಗೆ ಎಣ್ಣೆ ತಯಾರಿಸುವಾಗ ಪಕ್ಕಕ್ಕೆ ಉಳಿಯುವ ಕಪ್ಪು ಎಣ್ಣೆ ಅದು. ಕಾರ್ಖಾನೆ ಇದ್ದದ್ದು ಕ್ಯೂಶೂ ದ್ವೀಪದ ಕಿಟಾಕ್ಯೂಶೂ ನಗರದಲ್ಲಿ. ಕಂಪನಿಯ ಹೆಸರು ಕನೆಮಿ. ಮಾರ್ಚ್ ತಿಂಗಳಲ್ಲಿ ಕೃಷಿ ಇಲಾಖೆಯ ಅಧಿಕಾರಿಗಳು ಕಾರ್ಖಾನೆಗೇ ಹೋಗಿ ನೋಡಿದರು. ಅದೇ ಅಂಗಳದಲ್ಲಿ ಜನ ತಿನ್ನುವ ಎಣ್ಣೆಯೂ ಡಬ್ಬಿ ತುಂಬುತ್ತಿತ್ತು. ಆ ಎಣ್ಣೆಗೆ ಏನೂ ಆಗಿಲ್ಲ ಎಂಬ ಉತ್ತರ ಸಿಕ್ಕಿತು. ಅವರು ಅದನ್ನು ನಂಬಿ ವಾಪಸ್ ಬಂದರು. ಕಪ್ಪು ಎಣ್ಣೆ ಕಮಟು ಹಿಡಿದು ವಿಷವಾಗಿರಬೇಕು ಎಂದು ಪಶು ಆರೋಗ್ಯದ ಪ್ರಯೋಗಾಲಯ ವರದಿ ಬರೆಯಿತು. ಕೋಳಿಯ ಕಡತ ಅಲ್ಲಿಗೆ ಮುಚ್ಚಿತು.

ಕೋಳಿ ಆಹಾರ ಕೃಷಿ ಇಲಾಖೆಯ ಕೆಲಸ. ಜನರ ಆಹಾರ ಆರೋಗ್ಯ ಇಲಾಖೆಯ ಕೆಲಸ. ಒಬ್ಬರಿಗೆ ಗೊತ್ತಾದದ್ದು ಇನ್ನೊಬ್ಬರ ಮೇಜಿಗೆ ಹೋಗಲೇ ಇಲ್ಲ. ಅಡುಗೆ ಎಣ್ಣೆ ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇತ್ತು, ಇನ್ನೂ ಏಳು ತಿಂಗಳು.

ಯುಶೋ ಎಂದರೆ ಜಪಾನಿ ಭಾಷೆಯಲ್ಲಿ 'ಎಣ್ಣೆ ರೋಗ'. ಪರಿಸರದಲ್ಲಿ ಒಡೆಯದೆ ಉಳಿಯುವ ಕ್ಲೋರಿನ್ ಮಾಲಿನ್ಯಕಾರಕಗಳು ಮನುಷ್ಯನ ದೇಹಕ್ಕೆ ಏನು ಮಾಡುತ್ತವೆ ಎಂದು ತಿಳಿಯಲು ಇಷ್ಟು ದೀರ್ಘವಾಗಿ, ಇಷ್ಟು ಹತ್ತಿರದಿಂದ ನೋಡಲು ಸಿಕ್ಕ ಪ್ರಕರಣ ಇನ್ನೊಂದಿಲ್ಲ ಎಂದೇ ಹೇಳಬಹುದು. ಆದರೆ ಇದನ್ನು ಓದುತ್ತಾ ಹೋದ ಹಾಗೆ ನನ್ನನ್ನು ಹೆಚ್ಚು ಕಾಡಿದ್ದು ವಿಷವಲ್ಲ. ಇಲ್ಲಿ ಪ್ರತಿ ಸಲವೂ 'ಉತ್ತರ ಸಿಕ್ಕಿತು, ಮುಗಿಯಿತು' ಎಂದು ಕಡತ ಬೇಗ ಮುಚ್ಚಿದ್ದಾರೆ. ಪ್ರತಿ ಸಲವೂ ಅದನ್ನು ಮತ್ತೆ ತೆರೆಯಬೇಕಾಗಿದೆ.

ಮನೆಗಳ ಒಳಗೆ

1968ರ ಜೂನ್‌ನಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವನ್ನು ಕ್ಯೂಶೂ ವಿಶ್ವವಿದ್ಯಾಲಯದ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆತಂದರು. ಮೈಮೇಲೆ ಮೊಡವೆಗಳು. ಮೂರು ವರ್ಷದ ಮಗುವಿಗೆ ಹರೆಯದವರ ಹಾಗೆ ಮೊಡವೆ ಬರುವುದುಂಟೇ? ಆಗಸ್ಟ್ ಹೊತ್ತಿಗೆ ಅದೇ ಮನೆಯ ಉಳಿದವರಿಗೂ ಬಂತು. ಆಮೇಲೆ ಬೇರೆ ಮನೆಗಳಿಂದಲೂ ಜನ ಬರತೊಡಗಿದರು. ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ ಬರುತ್ತಿತ್ತು. ಹಾಗಾಗಿ ಅಂಟುರೋಗ ಇರಬಹುದು ಎಂಬ ಭಯ ಅಕ್ಕಪಕ್ಕದವರಲ್ಲಿ ಹುಟ್ಟಿದ್ದು ಸಹಜ.

ಇವು ಮಾಮೂಲಿ ಮೊಡವೆಗಳಲ್ಲ. ಇವಕ್ಕೆ ಕ್ಲೋರಾಕ್ನೆ ಎಂದು ಹೆಸರು. ಕೆನ್ನೆ, ಕಿವಿಯ ಹಿಂಭಾಗ, ಕಂಕುಳು, ತೊಡೆಸಂದು, ಹೀಗೆ ಎಲ್ಲೆಲ್ಲೋ ಕಪ್ಪು ತಲೆಯ ಗಂಟುಗಳು ಏಳುತ್ತವೆ. ಒಳಗೆ ಒಣಹುಲ್ಲಿನ ಬಣ್ಣದ ಗಟ್ಟಿ ಜಿಡ್ಡು. ಹಿಂಡಿದರೆ ಕೆಟ್ಟ ವಾಸನೆ ಬರುತ್ತದೆ. ಮಾಸಿದ ಮೇಲೂ ಚರ್ಮದಲ್ಲಿ ಗುಳಿ ಉಳಿಯುತ್ತದೆ. ಯುಶೋ ರೋಗಿಗಳನ್ನು ನೋಡುತ್ತಿದ್ದ ವೈದ್ಯರು ಮೊದಲು ಕಣ್ಣಿನ ರೆಪ್ಪೆಯನ್ನು ಮೆಲ್ಲಗೆ ಒತ್ತಿ ನೋಡುತ್ತಿದ್ದರು. ರೆಪ್ಪೆಯಂಚಿನ ಪುಟ್ಟ ಎಣ್ಣೆ ಗ್ರಂಥಿಗಳಿಂದ ಬೆಣ್ಣೆಯಂಥ ಬಿಳಿ ಗೀಜು ಹೊರಬರುತ್ತಿತ್ತು. ಬೆಳಗ್ಗೆ ಎದ್ದಾಗ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಉಗುರು, ಒಸಡು, ಕಣ್ಣಿನ ಒಳಪದರ ಕಂದು ಬಣ್ಣಕ್ಕೆ ತಿರುಗಿದ್ದವು. ಇದೆಲ್ಲ ಕಣ್ಣಿಗೆ ಕಾಣುವಂಥದ್ದು. ಕಾಣದೇ ಇದ್ದದ್ದು ಇನ್ನೂ ಜಾಸ್ತಿ: ಏಳಲಾಗದ ಸುಸ್ತು, ತಲೆನೋವು, ಕೈಕಾಲು ಜೋಮು ಹಿಡಿಯುವುದು, ಕಫದ ಕೆಮ್ಮು, ಮುಟ್ಟಿನ ಏರುಪೇರು.

ಎಣ್ಣೆಯ ಮೇಲೆ ಮೊದಲು ಅನುಮಾನ ಬಂದದ್ದು ರೋಗಿಗಳಿಗೇ. ಅಕ್ಟೋಬರ್ ಮೊದಲ ವಾರದಲ್ಲಿ ಒಬ್ಬರು ಮನೆಯಲ್ಲಿ ಉಳಿದಿದ್ದ ಎಣ್ಣೆಯನ್ನು ಹಿಡಿದು ಫುಕುವೋಕಾ ಪ್ರಾಂತ್ಯದ ಆರೋಗ್ಯ ಕೇಂದ್ರಕ್ಕೆ ಹೋದರು. ಇದನ್ನು ಪರೀಕ್ಷೆ ಮಾಡಿ ಎಂದು ಕೇಳಿದರು. ಆ ವ್ಯಕ್ತಿಯ ಬಗ್ಗೆ ನನಗೆ ತುಂಬಾ ಗೌರವ. ಅಕ್ಟೋಬರ್ 10ಕ್ಕೆ ಪತ್ರಿಕೆಯಲ್ಲಿ ಸುದ್ದಿ ಬಂತು. 14ಕ್ಕೆ ಕ್ಯೂಶೂ ವಿಶ್ವವಿದ್ಯಾಲಯ ಒಂದು ಸಂಶೋಧನಾ ತಂಡ ಕಟ್ಟಿತು. ಸುದ್ದಿ ಹರಡಿದ ಮೇಲೆ ತಮಗೂ ಹೀಗೇ ಆಗಿದೆ ಎಂದು ಮುಂದೆ ಬಂದವರು ಸುಮಾರು 14,000 ಜನ.

ಆರ್ಸೆನಿಕ್ ಇರಬಹುದೇ ಎಂಬ ಮಾತು ಮೊದಲು ಎದ್ದು, ಬೇಗನೆ ಬಿದ್ದುಹೋಯಿತು. ಜನರಲ್ಲಿ ಕಾಯಿಲೆ ಹರಡುವ ಬಗೆ ಮತ್ತು ಅದರ ಮೂಲ ಹುಡುಕುವ ತಜ್ಞ ಮಸನೋರಿ ಕುರಾತ್ಸುನೆ ಮತ್ತು ಅವರ ಜೊತೆಗಾರರು ಮನೆ ಮನೆಗೆ ಹೋಗಿ ಕೇಳಿದರು. ಯಾವ ಎಣ್ಣೆ, ಯಾವ ಅಂಗಡಿ, ಯಾವಾಗ ಕೊಂಡದ್ದು, ಯಾರೆಲ್ಲ ತಿಂದರು. ಉತ್ತರಗಳೆಲ್ಲ ಒಂದೇ ಕಡೆ ಬೆಟ್ಟು ಮಾಡಿದವು: ಕನೆಮಿಯ ತೌಡಿನ ಎಣ್ಣೆ, ಅದರಲ್ಲೂ ಫೆಬ್ರವರಿ ಮೊದಲ ದಿನಗಳಲ್ಲಿ ಕಾರ್ಖಾನೆಯಿಂದ ಹೊರಟ ಡಬ್ಬಿಗಳು. ನವೆಂಬರ್ ಆರಂಭದಲ್ಲಿ ಪ್ರಯೋಗಾಲಯ ಆ ಎಣ್ಣೆಯಲ್ಲಿ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ಎಂಬ ಕೈಗಾರಿಕಾ ರಾಸಾಯನಿಕ ಇರುವುದನ್ನು ತೋರಿಸಿತು. ಕ್ಯೂಶೂವಿನಿಂದ ದೂರದ ಗೋಟೋ ದ್ವೀಪಗಳಲ್ಲೂ ನೂರಾರು ಜನ ಕಾಯಿಲೆ ಬಿದ್ದಿದ್ದರು. ಅಗ್ಗ, ಆರೋಗ್ಯಕ್ಕೂ ಒಳ್ಳೆಯದು ಎಂದು ಮಾರಿದ ಎಣ್ಣೆ ಅದು.

ಎಣ್ಣೆಯೊಳಗೆ ಹೇಗೆ ಬಂತು

ತೌಡಿನ ಎಣ್ಣೆಗೆ ಒಂದು ವಾಸನೆ ಇರುತ್ತದೆ. ಅದನ್ನು ಹೋಗಲಾಡಿಸಲು ಕಡೇ ಹಂತದಲ್ಲಿ ಎಣ್ಣೆಯನ್ನು ಗಾಳಿ ತೆಗೆದ ದೊಡ್ಡ ಟ್ಯಾಂಕಿಯಲ್ಲಿ 200 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸುತ್ತಾರೆ. ಟ್ಯಾಂಕಿಯ ಕೆಳಗೆ ಬೆಂಕಿ ಹಾಕಿದರೆ ಎಣ್ಣೆ ಸೀದುಹೋಗುತ್ತದೆ. ಅದಕ್ಕೇ ಒಳಗೆ ಸುರುಳಿ ಸುತ್ತಿದ ಪೈಪು ಇಡುತ್ತಾರೆ. ಪೈಪಿನೊಳಗೆ ಬಿಸಿಯಾದ ಬೇರೊಂದು ದ್ರವ ಹರಿಯುತ್ತಿರುತ್ತದೆ. ಕನೆಮಿಯಲ್ಲಿ ಆ ದ್ರವ ಕನೆಕ್ಲೋರ್ 400 ಎಂಬ ಪಿಸಿಬಿ. ಅಡುಗೆ ಎಣ್ಣೆಗೂ ಪಿಸಿಬಿಗೂ ನಡುವೆ ಇದ್ದದ್ದು ಪೈಪಿನ ದಪ್ಪದಷ್ಟೇ ಲೋಹ.

ಆ ಪೈಪು ತೂತಾಯಿತು. ಪಿಸಿಬಿ ಕಾದಾಗ ಸ್ವಲ್ಪ ಸ್ವಲ್ಪವೇ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ಅದು ಲೋಹವನ್ನು ತಿಂದು ಸೂಜಿಮೊನೆಯಷ್ಟು ತೂತು ಮಾಡಿತು ಎಂಬುದು ಮೊದಲು ಕೊಟ್ಟ ವಿವರಣೆ. ಜನವರಿ ಕೊನೆಯಲ್ಲಿ ಟ್ಯಾಂಕಿಯ ರಿಪೇರಿ ನಡೆದಾಗ ವೆಲ್ಡಿಂಗ್ ಮಾಡುವವರು ತಪ್ಪಿ ಪೈಪನ್ನೇ ಕೊರೆದರು ಎಂಬುದು ನಂತರ ನ್ಯಾಯಾಲಯದಲ್ಲಿ ಬಂದ ವಿವರಣೆ. ಎರಡರ ಮೇಲೂ ವರ್ಷಗಟ್ಟಲೆ ವಾದ ನಡೆಯಿತು. ನನ್ನ ಮಟ್ಟಿಗೆ ಮುಖ್ಯವಾದ ಪ್ರಶ್ನೆ ತೂತು ಹೇಗೆ ಬಿತ್ತು ಎಂಬುದಲ್ಲ. ಜನ ತಿನ್ನುವ ಪದಾರ್ಥದ ಪಕ್ಕದಲ್ಲಿ ಇಂಥ ದ್ರವವನ್ನು ಹರಿಸಲು ಬಿಟ್ಟದ್ದು ಯಾಕೆ ಎಂಬುದು.

ಬಿಟ್ಟದ್ದಕ್ಕೆ ಕಾರಣ ಇಷ್ಟೆ. ಪಿಸಿಬಿ ಸುಲಭಕ್ಕೆ ಉರಿಯುವುದಿಲ್ಲ, ಕರೆಂಟು ಹಾಯಿಸುವುದಿಲ್ಲ, ಕಾಯಿಸಿದರೂ ಬೇಗ ಕೆಡುವುದಿಲ್ಲ, ನೀರಿನಲ್ಲಿ ಕರಗುವುದಿಲ್ಲ. 1929ರಿಂದ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಬಣ್ಣ, ಕಾರ್ಬನ್ ರಹಿತ ನಕಲು ಕಾಗದ ಎಲ್ಲದರಲ್ಲೂ ಇದು ಸೇರಿತ್ತು. ಜಪಾನ್ ಒಂದರಲ್ಲೇ 1954ರಿಂದ 1972ರವರೆಗೆ ಸುಮಾರು 59,000 ಟನ್ ತಯಾರಾಯಿತು. ಎರಡು ಬೆಂಜೀನ್ ಉಂಗುರಗಳನ್ನು ಜೋಡಿಸಿ, ಸುತ್ತಲೂ ಒಂದರಿಂದ ಹತ್ತರವರೆಗೆ ಕ್ಲೋರಿನ್ ಪರಮಾಣುಗಳನ್ನು ಕೂರಿಸಿದರೆ ಪಿಸಿಬಿ. ಎಲ್ಲೆಲ್ಲಿ ಎಷ್ಟು ಕೂರಿಸುತ್ತೇವೆ ಎಂಬುದರ ಮೇಲೆ 209 ಬಗೆ. ಕ್ಲೋರಿನ್ ಮತ್ತು ಇಂಗಾಲದ ಬೆಸುಗೆ ಎಷ್ಟು ಗಟ್ಟಿ ಎಂದರೆ ಮಣ್ಣಿನ ಸೂಕ್ಷ್ಮಜೀವಿಗಳಿಗೂ ನಮ್ಮ ಯಕೃತ್ತಿಗೂ ಅದನ್ನು ಬಿಡಿಸುವುದು ಕಷ್ಟ. ನೀರಿನಲ್ಲಿ ಕರಗದ್ದರಿಂದ ಮೂತ್ರದಲ್ಲಿ ಹೋಗುವುದಿಲ್ಲ. ಕೊಬ್ಬಿನಲ್ಲಿ ಕರಗುವುದರಿಂದ ಅಲ್ಲೇ ಮನೆ ಮಾಡುತ್ತದೆ.

ಇದು ಆಗ ಯಾರಿಗೂ ಗೊತ್ತೇ ಇರಲಿಲ್ಲ ಎನ್ನುವ ಹಾಗೂ ಇಲ್ಲ. 1966ರಲ್ಲಿ, ಅಂದರೆ ಎರಡು ವರ್ಷ ಮೊದಲೇ, ಸ್ವೀಡನ್ನಿನ ರಸಾಯನ ವಿಜ್ಞಾನಿ ಸೋರೆನ್ ಯೆನ್ಸನ್ ಮೀನುಗಳಲ್ಲಿ, ಹದ್ದಿನಲ್ಲಿ ಪಿಸಿಬಿ ಇದೆ ಎಂದು ತೋರಿಸಿದ್ದರು. ಅವರ ಹೆಂಡತಿಯ ಮತ್ತು ಪುಟ್ಟ ಮಗಳ ಕೂದಲಿನಲ್ಲೂ ಅದು ಸಿಕ್ಕಿತ್ತು. ಇನ್ನೂ ಹಿಂದೆ, 1957ರಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಕೋಳಿಗಳು ಇದೇ ರೀತಿ, ಹೃದಯದ ಚೀಲದಲ್ಲಿ ನೀರು ತುಂಬಿ ಸತ್ತಿದ್ದವು. ಅವು ತಿಂದ ಕೊಬ್ಬಿನಲ್ಲಿದ್ದದ್ದು ಡಯಾಕ್ಸಿನ್ ಎಂಬ ಕ್ಲೋರಿನ್ ಇರುವ ವಿಷ ಎಂದು ಆಮೇಲೆ ಗೊತ್ತಾಯಿತು. ಕಮಟು ಎಣ್ಣೆ ಎಂದು ಬರೆದವರು ಆ ಹಳೆಯ ಕೋಳಿಗಳನ್ನೊಮ್ಮೆ ನೆನಪಿಸಿಕೊಂಡಿದ್ದರೆ ಎಂದು ಅನಿಸದೇ ಇರುವುದಿಲ್ಲ.

ಅಪರಾಧಿ ಪಿಸಿಬಿ ಒಂದೇ ಅಲ್ಲ

1968ರ ಕೊನೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಯುಶೋ ಎಂದರೆ ಪಿಸಿಬಿ ವಿಷ. 1972ರಲ್ಲಿ ಜಪಾನ್ ಪಿಸಿಬಿ ತಯಾರಿಕೆ ನಿಲ್ಲಿಸಿತು. 1973ರಲ್ಲಿ ಹೊಸ ಕಾನೂನು ಬಂತು. ಹೊಸ ರಾಸಾಯನಿಕವೊಂದು ಮಾರುಕಟ್ಟೆಗೆ ಬರುವ ಮೊದಲು ಅದು ಪರಿಸರದಲ್ಲಿ ಒಡೆಯುತ್ತದೆಯೇ, ಜೀವಿಗಳ ಮೈಯಲ್ಲಿ ಸೇರಿಕೊಳ್ಳುತ್ತದೆಯೇ ಎಂದು ಪರೀಕ್ಷೆ ಮಾಡಬೇಕು ಎಂದು ಹೇಳಿದ ಮೊದಲ ಕಾನೂನುಗಳಲ್ಲಿ ಅದೂ ಒಂದು. ಒಳ್ಳೆಯ ಕಾನೂನು.

ಆದರೆ ಒಂದು ಲೆಕ್ಕ ತಾಳೆಯಾಗುತ್ತಿರಲಿಲ್ಲ. ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಪಿಸಿಬಿ ಮುಟ್ಟಿ ಕೆಲಸ ಮಾಡಿದವರ ರಕ್ತ ಪರೀಕ್ಷೆ ಮಾಡಿದರೆ, ಯುಶೋ ರೋಗಿಗಳಿಗಿಂತ ಅವರಲ್ಲೇ ಪಿಸಿಬಿ ಜಾಸ್ತಿ. ಆದರೂ ಅವರಿಗೆ ಇಷ್ಟು ಘೋರವಾದ ಕಾಯಿಲೆ ಇರಲಿಲ್ಲ. ಹಾಗಾದರೆ ಎಣ್ಣೆಯಲ್ಲಿ ಇನ್ನೇನೋ ಇತ್ತು, ಅಲ್ವಾ?

ಜುನ್ಯಾ ನಗಯಾಮ, ಯೋಶಿತೋ ಮಸುದಾ, ಕುರಾತ್ಸುನೆ ಉಳಿಸಿಟ್ಟ ಎಣ್ಣೆಯನ್ನು ಮತ್ತೆ ಕೈಗೆತ್ತಿಕೊಂಡರು. 1970ರ ದಶಕದ ನಡುವಿನಲ್ಲಿ ಉತ್ತರ ಸಿಕ್ಕಿತು. ಕಾರ್ಖಾನೆಯ ಪೈಪಿನಲ್ಲಿ ತಿಂಗಳುಗಟ್ಟಲೆ ಕಾದೂ ಕಾದೂ ಪಿಸಿಬಿಯ ಒಂದು ಪಾಲು ಬೇರೆಯೇ ಆಗಿ ಹೋಗಿತ್ತು. ಎರಡು ಉಂಗುರಗಳ ನಡುವೆ ಒಂದು ಆಮ್ಲಜನಕ ಪರಮಾಣು ಸೇತುವೆ ಹಾಕಿದರೆ ಅದು ಫ್ಯುರಾನ್. ಪೂರ್ತಿ ಹೆಸರು ಪಾಲಿಕ್ಲೋರಿನೇಟೆಡ್ ಡೈಬೆಂಜೋಫ್ಯುರಾನ್. ಡಯಾಕ್ಸಿನ್‌ನ ಹತ್ತಿರದ ನೆಂಟ. ಹೊಸದಾಗಿ ಕೊಂಡ ಕನೆಕ್ಲೋರ್‌ನಲ್ಲಿ ಅದು ತೀರಾ ಕಡಿಮೆ. ಕನೆಮಿ ಎಣ್ಣೆಯಲ್ಲಿ ಪಿಸಿಬಿಗೆ ಹೋಲಿಸಿದರೆ ಅದರ ಪಾಲು ನೂರಾರು ಪಟ್ಟು ಹೆಚ್ಚಾಗಿತ್ತು.

ರೋಗಿಗಳ ಲೆಕ್ಕ ಹಾಕಿದಾಗ ಒಬ್ಬೊಬ್ಬರು ಸರಾಸರಿ ತಿಂದದ್ದು 688 ಮಿಲಿಲೀಟರ್ ಎಣ್ಣೆ. ಅದರ ಜೊತೆ ಹೊಟ್ಟೆಗೆ ಹೋದದ್ದು ಸುಮಾರು 633 ಮಿಲಿಗ್ರಾಂ ಪಿಸಿಬಿ, ಸುಮಾರು 3.4 ಮಿಲಿಗ್ರಾಂ ಫ್ಯುರಾನ್. 3.4 ಮಿಲಿಗ್ರಾಂ ಎಂದರೆ ಒಂದು ಅಕ್ಕಿಕಾಳಿನ ಸಣ್ಣದೊಂದು ಚೂರು. ಆ ಚೂರು ಒಬ್ಬರ ಇಡೀ ಬದುಕನ್ನು ಬದಲಿಸಿತು.

ಇಷ್ಟು ಕಡಿಮೆಗೆ ಅಷ್ಟು ಹಾನಿ ಹೇಗೆ? ನಮ್ಮ ಜೀವಕೋಶಗಳಲ್ಲಿ ಎಎಚ್ ರಿಸೆಪ್ಟರ್ ಎಂಬ ಒಂದು ಪ್ರೋಟೀನ್ ಇದೆ. ಹೊರಗಿನಿಂದ ಬಂದ ಚಪ್ಪಟೆ ಆಕಾರದ ಅಣು ಅದಕ್ಕೆ ಅಂಟಿದರೆ, ಅದು ಕೋಶಕೇಂದ್ರದೊಳಗೆ ಹೋಗಿ ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ. ಆಗ ಆ ಅಣುವನ್ನು ಒಡೆಯುವ ಕಿಣ್ವಗಳು ತಯಾರಾಗುತ್ತವೆ. ಅಣು ಒಡೆದುಹೋದರೆ ಗದ್ದಲ ನಿಲ್ಲುತ್ತದೆ. ಫ್ಯುರಾನ್, ಡಯಾಕ್ಸಿನ್, ಕೆಲವು ಪಿಸಿಬಿಗಳು ಇಲ್ಲಿ ಬಂದು ಕೂತರೆ ಕಿಣ್ವಗಳ ಕೈಯಲ್ಲಿ ಆಗುವುದಿಲ್ಲ. ಮುಖ್ಯ ಜಾಗಗಳಲ್ಲೆಲ್ಲ ಕ್ಲೋರಿನ್ ಅಡ್ಡ ಕೂತಿರುತ್ತದೆ. ಕರೆಗಂಟೆ ಒತ್ತಿದವನು ಬೆರಳು ತೆಗೆಯದೆ ನಿಂತ ಹಾಗೆ, ಸಂಕೇತ ಹೋಗುತ್ತಲೇ ಇರುತ್ತದೆ. ಚರ್ಮದ ಎಣ್ಣೆ ಗ್ರಂಥಿಗಳು ತಮ್ಮ ಕೆಲಸ ಬಿಟ್ಟು ಗಟ್ಟಿ ಚರ್ಮದ ಪದಾರ್ಥ ತಯಾರಿಸತೊಡಗುತ್ತವೆ, ನಾಳ ಕಟ್ಟಿಕೊಳ್ಳುತ್ತದೆ. ರೆಪ್ಪೆ ಒತ್ತಿದಾಗ ಬಂದ ಆ ಬಿಳಿ ಗೀಜಿನ ಮೂಲ ಇದೇ ಬಗೆಯದು. ರಕ್ತದಲ್ಲಿ ಕೊಬ್ಬಿನಂಶ ಏರುತ್ತದೆ, ಹಾರ್ಮೋನ್ ಮತ್ತು ರೋಗನಿರೋಧಕ ಶಕ್ತಿಯ ಲೆಕ್ಕ ತಪ್ಪುತ್ತದೆ.

ರೋಗ ಗುರುತಿಸುವ ನಿಯಮಗಳಲ್ಲಿ ರಕ್ತದ ಫ್ಯುರಾನ್ ಪರೀಕ್ಷೆ ಸೇರಿದ್ದು ಯಾವಾಗ ಗೊತ್ತೇ? 2004ರಲ್ಲಿ. ಘಟನೆಯಾಗಿ 36 ವರ್ಷಗಳ ಮೇಲೆ. ಅಷ್ಟರವರೆಗೆ ಮೊಡವೆ ಮಾಸಿದವರು, ಪಿಸಿಬಿ ಇಳಿದವರು 'ನೀವು ಯುಶೋ ರೋಗಿ ಅಲ್ಲ' ಎಂದು ಕೇಳಿಸಿಕೊಂಡು ಮನೆಗೆ ಹೋಗುತ್ತಿದ್ದರು.

ಹೊಟ್ಟೆಯಲ್ಲಿದ್ದ ಮಕ್ಕಳು, ಆಮೇಲೆ ಹುಟ್ಟಿದ ಮಕ್ಕಳು

ಎಣ್ಣೆ ತಿಂದ ಗರ್ಭಿಣಿಯರಲ್ಲಿ ಕೆಲವರಿಗೆ ಮಗು ಸತ್ತೇ ಹುಟ್ಟಿತು. ಬದುಕಿ ಹುಟ್ಟಿದ ಎಷ್ಟೋ ಮಕ್ಕಳ ಮೈ ಕಂದುಗಪ್ಪು, ತೂಕ ಕಡಿಮೆ. ಕೆಲವು ತಿಂಗಳಲ್ಲಿ ಆ ಬಣ್ಣ ತಾನಾಗಿ ಮಾಸಿತು. ಬಣ್ಣ ಹೋದದ್ದನ್ನು ನೋಡಿ ಮನೆಯವರು ನಿಟ್ಟುಸಿರು ಬಿಟ್ಟಿರಬಹುದು. ಒಳಗೆ ಏನಾಗಿದೆ ಎಂಬುದು ಬಣ್ಣದಿಂದ ಗೊತ್ತಾಗುವುದಿಲ್ಲ.

ಅದು ಗೊತ್ತಾದದ್ದು ಇನ್ನೊಂದು ದುರಂತದಿಂದ. 1979ರಲ್ಲಿ ತೈವಾನಿನ ನಡುಭಾಗದಲ್ಲಿ ಇದೇ ಘಟನೆ ಮತ್ತೆ ನಡೆಯಿತು. ಅದೇ ತೌಡಿನ ಎಣ್ಣೆ, ಅದೇ ವಾಸನೆ ತೆಗೆಯುವ ಹಂತ, ಅದೇ ಪಿಸಿಬಿ. ಸುಮಾರು 2,000 ಜನ ಕಾಯಿಲೆ ಬಿದ್ದರು. ಅವರಲ್ಲಿ ಅಂಧ ಮಕ್ಕಳ ಶಾಲೆಯೊಂದರ ಮಕ್ಕಳೂ ಶಿಕ್ಷಕರೂ ಇದ್ದರು. ಅಲ್ಲಿ ಇದರ ಹೆಸರು ಯು-ಚೆಂಗ್. ಬರೆಯುವ ಅಕ್ಷರಗಳು ಜಪಾನಿನವೇ, ಉಚ್ಚಾರ ಮಾತ್ರ ಬೇರೆ. ಪಕ್ಕದ ದೇಶದಲ್ಲಿ 11 ವರ್ಷ ಮೊದಲು ನಡೆದು, ಪತ್ರಿಕೆಗಳಲ್ಲೆಲ್ಲ ಬಂದ ಘಟನೆ ಹೀಗೆ ಚಾಚೂ ತಪ್ಪದೆ ಮತ್ತೆ ನಡೆಯಿತು ಎಂಬುದನ್ನು ಓದಿದಾಗ ನನಗೆ ನಿಜವಾಗಿ ಕೋಪ ಬಂತು.

ತೈವಾನಿನ ಸಂಶೋಧಕರು ಎಣ್ಣೆ ತಿಂದ ತಾಯಂದಿರಿಗೆ ನಂತರ ಹುಟ್ಟಿದ ನೂರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ನೋಡುತ್ತಾ ಬಂದರು. ಅದೇ ಬಡಾವಣೆಯ, ಅದೇ ವಯಸ್ಸಿನ ಬೇರೆ ಮಕ್ಕಳ ಜೊತೆ ಹೋಲಿಸಿದರು. ಈ ಮಕ್ಕಳು ಗಿಡ್ಡ. ಉಗುರುಗಳು ಸೊಟ್ಟ. ಮಾತು, ನಡಿಗೆ ತಡ. ಬುದ್ಧಿ ಪರೀಕ್ಷೆಯಲ್ಲಿ ಸುಮಾರು 5 ಅಂಕ ಕಡಿಮೆ, ಅದೂ ವಯಸ್ಸಾದಂತೆ ಸರಿಹೋಗಲಿಲ್ಲ. ಇದಕ್ಕಿಂತ ಎದೆ ಝಲ್ಲೆನಿಸುವ ಸಂಗತಿ ಇನ್ನೊಂದಿದೆ. ತಾಯಿ ಎಣ್ಣೆ ತಿಂದ ಮರುವರ್ಷ ಹುಟ್ಟಿದ ಮಗುವಿಗೂ ಆರು ವರ್ಷ ಬಿಟ್ಟು ಹುಟ್ಟಿದ ಮಗುವಿಗೂ ಈ ಕೊರತೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆ ಮಗು ಎಣ್ಣೆಯ ಒಂದು ಹನಿಯನ್ನೂ ನೋಡಿರಲಿಲ್ಲ. ತಾಯಿಯ ಮೈಯ ಕೊಬ್ಬಿನಲ್ಲಿ ಕೂಡಿಟ್ಟಿದ್ದು ಗರ್ಭದ ಮೂಲಕ, ಎದೆಹಾಲಿನ ಮೂಲಕ ಅದಕ್ಕೆ ಹೋಗಿತ್ತು.

ಇಷ್ಟಾದರೂ ಜಪಾನಿನಲ್ಲಿ ಎರಡನೇ ತಲೆಮಾರಿನ ಆರೋಗ್ಯವನ್ನು ವ್ಯವಸ್ಥಿತವಾಗಿ ನೋಡುವ ಸಮೀಕ್ಷೆ ಶುರುವಾದದ್ದು 2021ರಲ್ಲಿ. ಅಂದು ಹೊಟ್ಟೆಯಲ್ಲಿದ್ದ ಮಕ್ಕಳಿಗೆ ಅಷ್ಟರಲ್ಲಿ 50 ದಾಟಿತ್ತು.

ಇಳಿಯದ ಲೆಕ್ಕ

ಯುಶೋ ರೋಗಿಗಳ ರಕ್ತವನ್ನು ದಶಕಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. 2,3,4,7,8 ಎಂಬ ಐದು ಜಾಗಗಳಲ್ಲಿ ಕ್ಲೋರಿನ್ ಕೂತ ಒಂದು ಫ್ಯುರಾನ್ ಇದೆ. ರೋಗಿಗಳ ಮೈಯಲ್ಲಿರುವ ಡಯಾಕ್ಸಿನ್ ಬಗೆಯ ವಿಷಶಕ್ತಿಯಲ್ಲಿ ದೊಡ್ಡ ಪಾಲು ಇದೊಂದರದ್ದೇ. ಮೊದಲ ವರ್ಷಗಳಲ್ಲಿ ಇದು ಸಾಕಷ್ಟು ಬೇಗ ಇಳಿಯಿತು. ಆಮೇಲೆ ಇಳಿಕೆ ನಿಧಾನವಾಯಿತು. ಈಚೆಗೆ ಕೆಲವರಲ್ಲಿ ಹೆಚ್ಚುಕಡಿಮೆ ನಿಂತೇ ಹೋಗಿದೆ. ಅರ್ಧಾಯುಷ್ಯ, ಅಂದರೆ ಮೈಯಲ್ಲಿದ್ದದ್ದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಇಷ್ಟು ವರ್ಷ ಎಂದು ಪುಸ್ತಕದಲ್ಲಿ ಒಂದೇ ಅಂಕಿ ಬರೆದಿರುತ್ತಾರೆ. ಮನುಷ್ಯರ ಮೈಯಲ್ಲಿ ಅದು ಒಂದೇ ಅಂಕಿ ಅಲ್ಲ. ವಿಷ ಜಾಸ್ತಿ ಇದ್ದಾಗ ದೇಹ ಬೇಗ ಹೊರಹಾಕುತ್ತದೆ, ಕಡಿಮೆಯಾದ ಹಾಗೆ ಕೈಬಿಡಲು ಒಲ್ಲೆನ್ನುತ್ತದೆ.

ಔಷಧ ಇಲ್ಲ. ಉಪವಾಸ ಮಾಡಿಸಿ ನೋಡಿದರು, ನಾರಿನಂಶ ಕೊಟ್ಟು ಮಲದ ಮೂಲಕ ಹೊರಹಾಕಲು ನೋಡಿದರು, ಮೂಲಿಕೆ ಮದ್ದು ಪ್ರಯತ್ನಿಸಿದರು. ಒಂದಷ್ಟು ಉಪಶಮನ, ಅಷ್ಟೆ.

ಸಾವಿನ ಲೆಕ್ಕವೂ ನಿಧಾನವಾಗಿ ಹೊರಬಂತು. 40 ವರ್ಷಗಳ ದಾಖಲೆ ನೋಡಿದಾಗ, ಗಂಡಸರಲ್ಲಿ ಯಕೃತ್ತಿನ ಮತ್ತು ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತವರು ಸಾಮಾನ್ಯ ಜನರಲ್ಲಿ ನಿರೀಕ್ಷಿಸುವುದಕ್ಕಿಂತ ಹೆಚ್ಚಾಗಿದ್ದರು. ಹೆಂಗಸರಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲಿ ಪಿಸಿಬಿಗಳನ್ನು ಮನುಷ್ಯರಲ್ಲಿ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೇಲೆ ಹೇಳಿದ ಫ್ಯುರಾನ್ ಅದಕ್ಕೂ ಮೊದಲೇ ಆ ಗುಂಪಿನಲ್ಲಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇದನ್ನು ಓದಿ ತಮ್ಮ ಊಟದ ತಟ್ಟೆಯನ್ನು ನೋಡಿ ಹೆದರಬೇಕಾಗಿಲ್ಲ. ಇಂಥ ವಸ್ತುಗಳು ಇವತ್ತು ಭೂಮಿಯ ಮೇಲಿನ ಹೆಚ್ಚುಕಡಿಮೆ ಎಲ್ಲರ ಮೈಯಲ್ಲೂ ಚೂರುಪಾರು ಇವೆ. ಡಯಾಕ್ಸಿನ್‌ಗಳ ವಿಷಯದಲ್ಲಿ ಅದರ 90 ಪ್ರತಿಶತಕ್ಕೂ ಹೆಚ್ಚು ಪಾಲು ಬರುವುದು ಊಟದಿಂದ, ಮುಖ್ಯವಾಗಿ ಮಾಂಸ, ಹಾಲು, ಮೀನಿನ ಕೊಬ್ಬಿನಿಂದ. ಯುಶೋ ರೋಗಿಗಳ ಮೈಗೆ ಸೇರಿದ್ದು ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗೆಂದು ಯುಶೋವನ್ನು ಎಲ್ಲೋ ನಡೆದ ಅಪಘಾತ ಎಂದು ಪಕ್ಕಕ್ಕಿಡುವುದೂ ತಪ್ಪು. ಹುಟ್ಟುವ ಮೊದಲೇ ತಗಲಿದ ಹಾನಿ, ದಶಕಗಳ ನಂತರ ಬರುವ ಕಾಯಿಲೆ, ಮೈಬಿಟ್ಟು ಹೋಗದ ಹಟ, ಇವನ್ನೆಲ್ಲ ನಾವು ಕಲಿತದ್ದೇ ಇವರಿಂದ. ಇವರು ಬೆಲೆ ತೆತ್ತು ಕಲಿಸಿದ ಪಾಠದ ಮೇಲೆ ಉಳಿದವರ ಸುರಕ್ಷತೆಯ ಮಿತಿಗಳು ನಿಂತಿವೆ.

ಕೋಳಿಗಳ ಮಾತನ್ನು ಒಂದು ಕಡೆಯಾದರೂ ಕೇಳಿಸಿಕೊಂಡರು. 1999ರಲ್ಲಿ ಬೆಲ್ಜಿಯಂನಲ್ಲಿ ಪ್ರಾಣಿ ಆಹಾರದ ಕೊಬ್ಬಿಗೆ ಪಿಸಿಬಿ ಎಣ್ಣೆ ಬೆರೆತು ಕೋಳಿಗಳು ಸಾಯತೊಡಗಿದವು, ಮೊಟ್ಟೆ ಒಡೆದು ಮರಿ ಬರಲಿಲ್ಲ. ಇದು ಹಳೆಯ ಕೋಳಿ ರೋಗದ ಹಾಗಿದೆಯಲ್ಲ ಎಂದು ಅನುಮಾನಪಟ್ಟು ಡಯಾಕ್ಸಿನ್ ಪರೀಕ್ಷೆ ಮಾಡಿಸಿದರು, ಸಿಕ್ಕಿತು. ಜನಕ್ಕೆ ಹೇಳಲು ಮಾತ್ರ ಅಲ್ಲೂ ವಾರಗಟ್ಟಲೆ ತಡಮಾಡಿದರು.

ಯಾರು ರೋಗಿ, ಯಾರು ಅಲ್ಲ

ಮುಂದೆ ಬಂದವರು 14,000 ಜನ ಎಂದೆನಲ್ಲ. ಸರ್ಕಾರದ ಪಟ್ಟಿಯಲ್ಲಿ ಇವತ್ತಿನವರೆಗೂ ಸೇರಿದವರು, ತೀರಿಹೋದವರೂ ಸೇರಿ, 2,300ಕ್ಕೆ ಸ್ವಲ್ಪ ಜಾಸ್ತಿ. ಒಂದೇ ತಟ್ಟೆಯ ಪಕ್ಕ ಕೂತು ಉಂಡ ಗಂಡ ಪಟ್ಟಿಯಲ್ಲಿ, ಹೆಂಡತಿ ಹೊರಗೆ, ಇಂಥವೂ ನಡೆದವು. 1968ರಲ್ಲಿ ಒಂದೇ ಮನೆಯಲ್ಲಿದ್ದು ಆ ಎಣ್ಣೆ ತಿಂದು ಈಗ ತೊಂದರೆ ಇರುವವರನ್ನೂ ರೋಗಿಗಳೆಂದು ಪರಿಗಣಿಸಲು 2012ರ ಕಾನೂನು ಬರಬೇಕಾಯಿತು. ಬದುಕಿರುವ ಒಬ್ಬೊಬ್ಬರಿಗೆ ವರ್ಷಕ್ಕೆ ಸಿಗುವ ನೆರವು 2.4 ಲಕ್ಷ ಯೆನ್. ಅದರಲ್ಲಿ 1.9 ಲಕ್ಷ ಆರೋಗ್ಯ ಸಮೀಕ್ಷೆಗೆ ಒಪ್ಪಿಕೊಂಡದ್ದಕ್ಕೆ ಸರ್ಕಾರ ಕೊಡುವುದು, 50 ಸಾವಿರ ಕಂಪನಿಯದ್ದು.

ನ್ಯಾಯಾಲಯದ ಕಥೆ ಇದಕ್ಕಿಂತ ನೋವಿನದು. ರೋಗಿಗಳು ಕನೆಮಿಯ ಮೇಲೆ, ಪಿಸಿಬಿ ತಯಾರಿಸಿದ ಕಂಪನಿಯ ಮೇಲೆ, ಸರ್ಕಾರದ ಮೇಲೆ ದಾವೆ ಹೂಡಿದರು. 1984ರಲ್ಲಿ ಫುಕುವೋಕಾ ಹೈಕೋರ್ಟ್ ಸರ್ಕಾರದ್ದೂ ತಪ್ಪಿದೆ ಎಂದಿತು. ಆಧಾರ ಯಾವುದು? ಕೋಳಿಗಳು. ಕೋಳಿಗಳು ಸತ್ತಾಗಲೇ ಅಧಿಕಾರಿಗಳು ಎಚ್ಚೆತ್ತು ತಿನ್ನುವ ಎಣ್ಣೆಯ ಬಗ್ಗೆ ತಿಳಿಸಬೇಕಿತ್ತು ಎಂಬುದು ವಾದ. ತೀರ್ಪುಗಳನ್ನು ಆಧರಿಸಿ 829 ಜನರಿಗೆ ಒಟ್ಟು 270 ಕೋಟಿ ಯೆನ್‌ನಷ್ಟು ಹಣ ತಾತ್ಕಾಲಿಕವಾಗಿ ಕೈಗೆ ಬಂತು. ತಲೆಗೆ ಸುಮಾರು 30 ಲಕ್ಷ ಯೆನ್. ಆಸ್ಪತ್ರೆ ಖರ್ಚು, ಹಳೆಯ ಸಾಲ, ಮಕ್ಕಳ ಓದು, ಅದಕ್ಕೆಲ್ಲ ಹೋಯಿತು. 1986ರಲ್ಲಿ ಇನ್ನೊಂದು ತೀರ್ಪು ಸರ್ಕಾರದ ಪರವಾಗಿ ಬಂತು. ಮರುವರ್ಷ ರಾಜಿಯಾಯಿತು, ಸರ್ಕಾರದ ಮೇಲಿನ ದಾವೆಯನ್ನು ಹಿಂದಕ್ಕೆ ತೆಗೆದುಕೊಂಡರು. ಗೆಲುವೇ ಇಲ್ಲದ ಮೇಲೆ ಕೊಟ್ಟ ಹಣ ವಾಪಸ್ ಬರಬೇಕಲ್ಲ? 1990ರ ದಶಕದಲ್ಲಿ ಸರ್ಕಾರ ಅದನ್ನು ಕೇಳತೊಡಗಿತು. ಖರ್ಚಾದ ಹಣ. ಕೇಳಿದ್ದು ಕಾಯಿಲೆಯವರನ್ನು, ಸತ್ತವರ ಮಕ್ಕಳನ್ನು. ತಾವು ಯುಶೋ ಮನೆಯವರು ಎಂಬುದನ್ನೇ ಮದುವೆಯಾದ ಮನೆಯಲ್ಲಿ ಹೇಳಿಕೊಳ್ಳದೆ ಇದ್ದವರಿಗೂ ಈ ಕಾಗದ ಬಂತು. ಕೈಲಾಗದವರಿಗೆ ಆ ಬಾಕಿಯನ್ನು ಮನ್ನಾ ಮಾಡುವ ವಿಶೇಷ ಕಾನೂನು ಬಂದದ್ದು 2007ರಲ್ಲಿ.

ಇನ್ನು ಪಿಸಿಬಿಯ ವಿಷಯ. 1972ರಲ್ಲಿ ತಯಾರಿಕೆ ನಿಂತಿತು ನಿಜ, ಆದರೆ ಇದ್ದ ಪಿಸಿಬಿ ಎಲ್ಲಿ ಹೋಗಬೇಕು? ಸುಡಲು ತಮ್ಮ ಊರಲ್ಲಿ ಜಾಗ ಕೊಡಲು ಹೆಚ್ಚಿನವರು ಒಪ್ಪಲಿಲ್ಲ. 30 ವರ್ಷ ಅದರ ಬಹುಪಾಲು ಗೋದಾಮುಗಳಲ್ಲಿ, ಹಳೆ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಕೂತಿತ್ತು. 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವಾಯಿತು. ಅದಕ್ಕೆ ಸೇರಿದ ದೇಶಗಳು ಪಿಸಿಬಿ ಇರುವ ಉಪಕರಣಗಳ ಬಳಕೆಯನ್ನು 2025ರೊಳಗೆ ನಿಲ್ಲಿಸಬೇಕು, ಉಳಿದ ತ್ಯಾಜ್ಯವನ್ನು 2028ರೊಳಗೆ ವಿಲೇವಾರಿ ಮಾಡಬೇಕು ಎಂದಾಯಿತು. ಜಪಾನ್ ಇದಕ್ಕಾಗಿಯೇ ಘಟಕಗಳನ್ನು ಕಟ್ಟಿತು. ಬೆಂಕಿಗೆ ಹಾಕುವ ಬದಲು ಟ್ರಾನ್ಸ್‌ಫಾರ್ಮರ್ ಎಣ್ಣೆಯ ಅಣುಗಳಿಂದ ಕ್ಲೋರಿನ್ ಅನ್ನು ರಾಸಾಯನಿಕವಾಗಿ ಕಿತ್ತು ತೆಗೆಯುವ ಘಟಕಗಳು. ಮೊದಲನೆಯದು 2004ರ ಡಿಸೆಂಬರ್‌ನಲ್ಲಿ ಶುರುವಾಯಿತು. ಜಾಗ ಕೊಟ್ಟ ನಗರ ಕಿಟಾಕ್ಯೂಶೂ. 2024ರ ಮಾರ್ಚ್‌ಗೆ ಆ ಘಟಕ ತನ್ನ ಪಾಲಿನ ಪಿಸಿಬಿಯನ್ನು ಮುಗಿಸಿ ಕೆಲಸ ನಿಲ್ಲಿಸಿತು. ಯುಶೋ ರೋಗಿಗಳ ವಾರ್ಷಿಕ ರಕ್ತ ಪರೀಕ್ಷೆ ಇನ್ನೂ ನಡೆಯುತ್ತಿದೆ.